ವಂಶವೃಕ್ಷದಲ್ಲಿ ಮಗಳ ಕೊಂಬೆ

ಬೇಸಿಗೆ ರಜೆ ಬಂತೆಂದರೆ ಊರಿನ ಮದುವೆ ಛತ್ರಗಳಿಗೆ ಈಗೀಗ ಇನ್ನೊಂದು ಬಗೆಯ ಬಾಡಿಗೆದಾರರು ಸಿಗುತ್ತಿದ್ದಾರೆ. ಮದುವೆಯಿಲ್ಲ, ಮುಂಜಿಯಿಲ್ಲ, ಒಬ್ಬನೇ ಮೂಲಪುರುಷನ ಹೆಸರು ಹೇಳುವ ನೂರಾರು ಮಂದಿ ಒಂದೆಡೆ ಸೇರುತ್ತಾರೆ. ಬೆಳಿಗ್ಗೆ ಕುಲದೇವರ ಪೂಜೆ, ಆಮೇಲೆ ಹಿರಿಯರಿಗೆ ಶಾಲು ಹೊದಿಸುವುದು, ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೆ ಬಹುಮಾನ, ಮಧ್ಯಾಹ್ನ ಹೋಳಿಗೆ ಊಟ. ಪುಣೆ, ಮುಂಬಯಿಗಳಲ್ಲಿ ನೆಲೆಸಿದವರೂ ಅಪರೂಪಕ್ಕೆ ಅಮೆರಿಕದಿಂದ ಬಂದವರೂ ಪರಸ್ಪರ 'ನೀವು ಯಾರ ಮಗ? ಯಾವ ಮನೆಯವರು?' ಎಂದು ವಿಚಾರಿಸಿಕೊಳ್ಳುವುದು ದಿನವಿಡೀ ನಡೆಯುತ್ತದೆ. ಕುಟುಂಬ ಸಮ್ಮಿಲನ, ಬಂಧು ಸಮಾಗಮ, ಮನೆತನದ ಸಮಾವೇಶ ಎಂದು ಇದಕ್ಕೆ ನಾನಾ ಹೆಸರು.

ಇಂಥ ಸಮಾರಂಭಗಳಲ್ಲಿ ಅತಿ ಹೆಚ್ಚು ಜನ ಮುತ್ತುವುದು ಊಟದ ಪಂಕ್ತಿಯನ್ನು ಬಿಟ್ಟರೆ ಗೋಡೆಗೆ ತೂಗುಹಾಕಿದ ವಂಶವೃಕ್ಷವನ್ನು. ಯಾರೋ ನಿವೃತ್ತ ಮೇಷ್ಟರು ಹತ್ತಾರು ವರ್ಷ ಓಡಾಡಿ ಕಲೆಹಾಕಿದ ಹೆಸರುಗಳು ಎಂಟು ಹತ್ತು ತಲೆಮಾರಿನವರೆಗೆ ಕವಲೊಡೆದು ನಿಂತಿರುತ್ತವೆ. ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಹೆಸರನ್ನು. ಗಂಡಸರಿಗೆ ಅದು ಬೇಗ ಸಿಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳಿಗೆ ಹಲವು ವಂಶವೃಕ್ಷಗಳಲ್ಲಿ ಸಿಗುವುದು ಅಣ್ಣನ ಹೆಸರು, ತಮ್ಮನ ಹೆಸರು, ಆಮೇಲೆ 'ಇಬ್ಬರು ಹೆಣ್ಣುಮಕ್ಕಳು' ಎಂಬ ಒಂದು ಸಾಲು. ಬಾಡಿಗೆ ಕಾರಿನಲ್ಲಿ ಮಕ್ಕಳನ್ನು ಕರೆತಂದು, ತವರಿನ ಸಮಾರಂಭಕ್ಕೆ ಚಂದಾ ಕೊಟ್ಟು, ಬೆಳಗಿನಿಂದ ಅಡುಗೆ ಮನೆಯಲ್ಲಿ ಕೈ ಹಚ್ಚಿದವಳಿಗೆ ಒಂದು ಸಂಖ್ಯೆಯ ಲೆಕ್ಕ ಮಾತ್ರ.

ಪಟ್ಟಿ ಮಾಡಿದವರನ್ನು ಕೇಳಿದರೆ 'ನಮ್ಮ ಹಿರಿಯರು ಬರೆದಿಟ್ಟದ್ದು ಹಾಗೆಯೇ' ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳೇನಲ್ಲ. ಆದರೆ ಹಿರಿಯರು ಆ ಪಟ್ಟಿಯನ್ನು ಯಾತಕ್ಕಾಗಿ ಬರೆದಿಟ್ಟರು ಎಂಬುದನ್ನು ತಿಳಿಯದೆ ಅದನ್ನೇ ದೊಡ್ಡ ಫ್ಲೆಕ್ಸ್ ಮಾಡಿ ಹಾಕಿದರೆ, ಎಂದೋ ಬರೆದ ಪಾಲುಪಟ್ಟಿಯನ್ನು ಬಂಧುಗಳ ಪಟ್ಟಿ ಎಂದು ಭ್ರಮಿಸಿದಂತಾಗುತ್ತದೆ.

ದಾಯ ಎಂದರೆ ಪಾಲು

ನಮ್ಮ ಭಾಷೆಯಲ್ಲೇ ಇದಕ್ಕೆ ಸಾಕ್ಷ್ಯವಿದೆ. ಕನ್ನಡಿಗರು ಸಂಬಂಧಿಕರನ್ನು ಎರಡು ಗುಂಪಾಗಿ ನೋಡುತ್ತಾರೆ: ಒಂದು ದಾಯಾದಿಗಳು, ಇನ್ನೊಂದು ನೆಂಟರು. 'ದಾಯ' ಎಂದರೆ ಪಾಲು; ಪಾಲಿಗೆ ಬಾಧ್ಯನಾದವನು ದಾಯಾದಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಇವರನ್ನೇ 'ಅಣ್ಣತಮ್ಮಂದಿರು' ಎನ್ನುವುದುಂಟು. ಸೂತಕ ಹಿಡಿಯುವವರು ಇವರು, ಗಡಿಯ ಕಲ್ಲಿಗಾಗಿ ಕೋರ್ಟಿಗೆ ಹೋಗುವವರೂ ಇವರೇ. 'ದಾಯಾದಿ ಮತ್ಸರ' ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹೆಣ್ಣು ಕೊಟ್ಟು ತಂದವರು ನೆಂಟರು. ಧಾರೆ ಎರೆದ ಮಗಳು ಅಂದಿನಿಂದ ನೆಂಟರ ಮನೆಯವಳು. ಹಳೆಯ ವಂಶಾವಳಿ ದಾಯಾದಿಗಳ ಪಟ್ಟಿಯಾದ್ದರಿಂದ ಅದರಲ್ಲಿ ನೆಂಟರಿಗೆ ಜಾಗವಿರಲಿಲ್ಲ.

ಇಂದಿಗೂ ಸರ್ಕಾರಿ ಭಾಷೆಯಲ್ಲಿ ವಂಶವೃಕ್ಷ ಎಂದರೆ ಇದೇ ಅರ್ಥ. ತಂದೆ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆ ಆಗಬೇಕಾದರೆ ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ ಪತ್ರ ತರಬೇಕು. ಅಲ್ಲಿ ಅದು ಅಭಿಮಾನದ ಚಿತ್ರವಲ್ಲ, ಹಕ್ಕುದಾರರ ಯಾದಿ. ಮಗಳ ಹೆಸರು ಬಿಟ್ಟುಹೋದರೆ ಮುಂದೆ ಅವಳು ವ್ಯಾಜ್ಯ ಹೂಡಿಯೇ ಒಳಗೆ ಬರಬೇಕಾದೀತು. ಅಣ್ಣತಮ್ಮಂದಿರು 'ಅರಿಶಿನ ಕುಂಕುಮಕ್ಕೆ ಇಷ್ಟು' ಎಂದು ಒಂದು ಸೀರೆ ಕೊಟ್ಟು ತಂಗಿಯಿಂದ ಹಕ್ಕು ಬಿಡುಗಡೆಯ ಸಹಿ ಹಾಕಿಸಿಕೊಂಡ ಕಥೆಗಳು ಯಾವ ತಾಲ್ಲೂಕಿನಲ್ಲಿಲ್ಲ?

ಭೈರಪ್ಪನವರು 1965ರಲ್ಲಿ ಪ್ರಕಟಿಸಿದ 'ವಂಶವೃಕ್ಷ' ಕಾದಂಬರಿಯನ್ನು ಓದಿದವರಿಗೆ ಈ ಗಂಟು ಎಷ್ಟು ಬಿಗಿಯಾದುದೆಂದು ಗೊತ್ತಿದೆ. ವಂಶದ ಶುದ್ಧಿಯನ್ನೇ ನಂಬಿ ಬದುಕಿದ ಶ್ರೀನಿವಾಸ ಶ್ರೋತ್ರಿಗಳಿಗೆ ಕೊನೆಯಲ್ಲಿ ತಿಳಿಯುವುದು ತಮ್ಮ ಹುಟ್ಟಿನ ಗುಟ್ಟು. ಆಸ್ತಿ ದಾಯಾದಿಯ ಪಾಲಾಗಬಾರದೆಂಬ ಹಟವೇ ಆ ಗುಟ್ಟಿನ ಮೂಲ.

ಪಾಲಿನ ಲೆಕ್ಕವನ್ನು ಇಡೀ ದೇಶಕ್ಕೆ ಕಲಿಸಿದ ಗ್ರಂಥವೂ ನಮ್ಮ ನೆಲದ್ದೇ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಬಂಗಾಳ ಮುಂತಾದ ಕಡೆಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹಂಚಿಕೆ ಶತಮಾನಗಳ ಕಾಲ ಇದರ ಮೇಲೆ ನಿಂತಿತ್ತು. ಸ್ವಾರಸ್ಯವೆಂದರೆ, 'ಸಪಿಂಡ' ಎಂಬ ಶಬ್ದಕ್ಕೆ ವಿಜ್ಞಾನೇಶ್ವರ ಕೊಟ್ಟ ಅರ್ಥ ಶ್ರಾದ್ಧದ ಪಿಂಡವಲ್ಲ, ದೇಹ. ಒಂದೇ ಶರೀರದ ಅಂಶಗಳನ್ನು ಹಂಚಿಕೊಂಡವರು ಸಪಿಂಡರು. ತಂದೆಯ ಕಡೆ 7 ತಲೆಮಾರು, ತಾಯಿಯ ಕಡೆ 5 ತಲೆಮಾರು ಈ ಸಂಬಂಧ ನಡೆಯುತ್ತದೆ. ಅಂದರೆ ರಕ್ತಸಂಬಂಧದ ಮಾತು ಬಂದಾಗ ಆತ ತಾಯಿಯ ಕಡೆಯನ್ನೂ ಎಣಿಸಿದ. ಹುಟ್ಟಿನಿಂದಲೇ ಬರುವ ಆಸ್ತಿಯ ಹಕ್ಕಿನ ಮಾತು ಬಂದಾಗ ಗಂಡುಮಕ್ಕಳ ಸಾಲನ್ನು ಹಿಡಿದ. ನಮ್ಮ ಗೋಡೆಯ ಚಿತ್ರಗಳು ಉಳಿಸಿಕೊಂಡದ್ದು ಎರಡನೆಯದನ್ನು.

ಆಸ್ತಿಯ ಆ ಕಾನೂನೇ ಈಗ ಬದಲಾಗಿದೆ. ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿ ವಿಧವೆ, ತಾಯಿ, ಅವಿವಾಹಿತ ಹೆಣ್ಣುಮಕ್ಕಳಿಗೆ ವಿಭಾಗದಲ್ಲಿ ಪಾಲು ಕೊಟ್ಟಿತು. 1994ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಮಗಳನ್ನು ಮಗನಂತೆಯೇ ಹುಟ್ಟಿನಿಂದ ಹಕ್ಕುದಾರಳನ್ನಾಗಿ ಮಾಡಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಅಡ್ಡಗೋಡೆಯೂ ಹೋಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾದ್ದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಹೀಗಾಗಿ ಮಗಳು ಇಂದು ದಾಯಾದಿಯೂ ಹೌದು. ಪಾಲುಪಟ್ಟಿ ಎಂದೇ ವಾದಿಸಿದರೂ ಅವಳ ಹೆಸರು ಬಿಡಲು ಕಾರಣ ಉಳಿದಿಲ್ಲ.

ಹೆಳವರು ಬಂದಾಗ

ಕಾಗದ ಪತ್ರಗಳಿಲ್ಲದ ರೈತರ ಮನೆತನಗಳಿಗೂ ವಂಶಾವಳಿ ಇತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದನ್ನು ಕಾಯ್ದುಕೊಂಡು ಬಂದವರು ಹೆಳವರು. ಎತ್ತಿನ ಕೊರಳ ಗಂಟೆಯ ಸದ್ದಿನೊಂದಿಗೆ ಬಂದು, ಮನೆಯ ಮುಂದೆ ನಿಂತು, ಮೂಲಪುರುಷ ಯಾವ ಊರಿನಿಂದ ಎದ್ದು ಬಂದ, ಬೆಡಗು ಯಾವುದು, ಮನೆದೇವರು ಯಾರು, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ರಾಗವಾಗಿ ಹೇಳುತ್ತಾರೆ. ಕೆಲವು ವರ್ಷಗಳಿಗೊಮ್ಮೆ ಬರುವ ಅವರು ಹಿಂದಿನ ಭೇಟಿಯ ನಂತರ ಹುಟ್ಟಿದವರ ಹೆಸರನ್ನು ತಮ್ಮ ಹೊತ್ತಗೆಗೆ ಸೇರಿಸಿಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ಹಣ, ಹಿಂದೆ ಉಳ್ಳವರಾದರೆ ದನ ಕರು ಕೊಟ್ಟು ಕಳುಹಿಸುತ್ತಿದ್ದರು. ಹರಿದ್ವಾರದ ಪಂಡರು ಯಾತ್ರಿಕರ ಊರು, ಮನೆತನಗಳ ಪ್ರಕಾರ ಬಹಿಗಳಲ್ಲಿ ಬರೆದಿಡುವುದು ಇದಕ್ಕೆ ಹತ್ತಿರದ ಪದ್ಧತಿ. ಒಂದು ವ್ಯತ್ಯಾಸವೆಂದರೆ, ಅಲ್ಲಿಗೆ ಯಾತ್ರಿಕ ಹೋಗಬೇಕು. ಇಲ್ಲಿ ದಾಖಲೆಯೇ ಎತ್ತಿನೊಂದಿಗೆ ಮನೆ ಬಾಗಿಲಿಗೆ ಬರುತ್ತದೆ.

ಹೆಳವರ ಸಾಲೂ ತಂದೆಯಿಂದ ಮಗನಿಗೆ ಇಳಿಯುವಂಥದ್ದೇ. ಅದರಲ್ಲಿ ಅತಿಶಯೋಕ್ತಿ ಇಲ್ಲವೆನ್ನಲಾಗದು. ಕಾಳು ಕೊಡುವವನ ಮುಂದೆ ಅವನ ಮುತ್ತಜ್ಜ ಹೇಡಿಯಾಗಿದ್ದನೆಂದು ಯಾರು ಹಾಡಿಯಾರು? ಇತ್ತೀಚಿನ ಸಮ್ಮಿಲನಗಳ ಸ್ಮರಣ ಸಂಚಿಕೆಗಳು ಈ ವಿಷಯದಲ್ಲಿ ಹೆಳವರನ್ನೂ ಮೀರಿಸಿವೆ. ಅವುಗಳಲ್ಲಿ ಮೂಲಪುರುಷನೊಬ್ಬ ದಂಡನಾಯಕನಾಗಿರುತ್ತಾನೆ, ಇಲ್ಲವೆ ಅರಸನಿಂದ ಉಂಬಳಿ ಪಡೆದವನಾಗಿರುತ್ತಾನೆ. ಸಾಲ ತೀರಿಸಲಾಗದೆ ರಾತ್ರೋರಾತ್ರಿ ಊರು ಬಿಟ್ಟ ಮೂಲಪುರುಷ ಯಾವ ಕುಟುಂಬಕ್ಕೂ ಇಲ್ಲ!

ಅರಸರ ಮಾತು ಬಂದದ್ದರಿಂದ ಹೇಳಬೇಕು. ಬನವಾಸಿಯ ಕದಂಬರೂ ಬಾದಾಮಿಯ ಚಾಲುಕ್ಯರೂ ತಮ್ಮ ಶಾಸನಗಳಲ್ಲಿ 'ಮಾನವ್ಯ ಗೋತ್ರ'ದ ಜತೆಗೆ 'ಹಾರೀತಿಪುತ್ರ' ಎಂದು ಕರೆದುಕೊಂಡರು. ಅವರಿಗಿಂತ ಮುಂಚಿನ ಶಾತವಾಹನರಲ್ಲಿ ಗೌತಮೀಪುತ್ರ, ವಾಸಿಷ್ಠೀಪುತ್ರ ಎಂಬ ಹೆಸರುಗಳು ಪ್ರಸಿದ್ಧ. ತಾಯಿಯ ಕಡೆಯ ಹೆಸರನ್ನು ಕಲ್ಲಿನಲ್ಲಿ ಕೊರೆಸಲು ಅವರಿಗೆ ಸಂಕೋಚವಿರಲಿಲ್ಲ. ಪಟ್ಟ ಮಾತ್ರ ಗಂಡುಸಾಲಿಗೇ ಹೋಗುತ್ತಿತ್ತೆಂಬುದು ಬೇರೆ ವಿಷಯ.

ಘಟ್ಟದ ಕೆಳಗೆ, ಘಟ್ಟದ ಮೇಲೆ

ವಂಶವೃಕ್ಷ ಆಸ್ತಿಯ ದಾರಿಯನ್ನು ಹಿಂಬಾಲಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ತುಳುನಾಡಿನಲ್ಲಿದೆ. ಅಳಿಯಸಂತಾನ ಪದ್ಧತಿಯ ಮನೆತನಗಳಲ್ಲಿ ಮರ ತಲೆಕೆಳಗಾಗುತ್ತದೆ. ಮೂಲದಲ್ಲಿ ಒಬ್ಬ ಹೆಂಗಸು. ಅವಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಎಂದು ಸಾಲು ಇಳಿಯುತ್ತದೆ. 'ಬಳಿ' ತಾಯಿಯಿಂದ ಬರುತ್ತದೆ. ಮದ್ರಾಸ್ ಸರ್ಕಾರದ 1949ರ ಅಳಿಯಸಂತಾನ ಕಾಯ್ದೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣುಸಾಲಿನ ಸಂತತಿಯನ್ನು 'ಕವರು' ಎಂದು ಕರೆಯಿತು. ಮುಂದುವರಿಸಲು ಹೆಣ್ಣುಸಂತತಿಯಿಲ್ಲದ್ದು 'ನಿಸ್ಸಂತತಿ ಕವರು'. ಗಮನಿಸಿ: ಗಂಡಸಿಗೆ ಹತ್ತು ಮಕ್ಕಳಿದ್ದರೂ ಅವನ ಕಡೆಯಿಂದ ಸಂತತಿಯಿಲ್ಲವೆಂದೇ ಲೆಕ್ಕ! ಅವನ ಮಕ್ಕಳು ಅವರ ತಾಯಿಯ ಕುಟುಂಬದವರು. ಅಲ್ಲಿಯ ಹಳೆಯ ಪಟ್ಟಿಗಳಲ್ಲಿ ಕಣ್ಮರೆಯಾಗುವವನು ತಂದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅಳಿಯಸಂತಾನದ ಆಸ್ತಿ ಹಂಚಿಕೆಯೂ ಆ ದಾರಿಗೆ ತಿರುಗಿತು. ಆದರೆ ತರವಾಡು ಮನೆಯ ಸಮಾಗಮ ನಿಂತಿಲ್ಲ. ದೈವಸ್ಥಾನದ ಜೀರ್ಣೋದ್ಧಾರ, ತಂಬಿಲ, ನೇಮ ಎಂದರೆ ಮುಂಬಯಿಯ ಹೋಟೆಲ್ ಉದ್ಯಮಿಗಳೂ ಬಂದು ನಿಲ್ಲುತ್ತಾರೆ. ಅವರನ್ನು ಅಲ್ಲಿಗೆ ಕರೆಸುವ ನೆಂಟಸ್ತಿಕೆ ಇಂದಿಗೂ ತಾಯಿಯ ಕಡೆಯದು.

ಕೊಡಗಿನಲ್ಲಿ ಇನ್ನೊಂದು ಬಗೆ. ಅಲ್ಲಿ ಒಕ್ಕ ತಂದೆಯ ಸಾಲಿನದು. ಐನ್‌ಮನೆ ಅದರ ಕೇಂದ್ರ. ಎಂ.ಎನ್. ಶ್ರೀನಿವಾಸ್ ಅವರು 1952ರಲ್ಲಿ ಪ್ರಕಟಿಸಿದ ಕೊಡವರ ಅಧ್ಯಯನದಲ್ಲಿ ಈ ಒಕ್ಕಕ್ಕೆ ದೊಡ್ಡ ಸ್ಥಾನವಿದೆ. ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಹಾಕಿ ಪಂದ್ಯಾವಳಿ ಆರಂಭಿಸಿದರು. ಒಂದು ಒಕ್ಕಕ್ಕೆ ಒಂದು ತಂಡ. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ತಂಡ ಕಟ್ಟಬೇಕಾದರೆ ಎಲ್ಲಿಯೋ ಇರುವ ಚಿಕ್ಕಪ್ಪನ ಮೊಮ್ಮಗನನ್ನು ಹುಡುಕಬೇಕು. ಹುಡುಕುತ್ತಾ ಹೋದಂತೆ ವಂಶಾವಳಿ ತಾನಾಗಿ ಸಿದ್ಧವಾಗುತ್ತದೆ. ಭಾಷಣಗಳಿಗಿಂತ ಇದು ವಾಸಿ ಎಂದು ನನಗನ್ನಿಸುತ್ತದೆ.

1024ರಲ್ಲಿ ಒಂದು

ಸ್ವಲ್ಪ ಲೆಕ್ಕ ಮಾಡೋಣ. ನಿಮಗೆ ತಂದೆ ತಾಯಿ ಇಬ್ಬರು, ಅಜ್ಜ ಅಜ್ಜಿಯರು 4, ಮುತ್ತಜ್ಜ ಮುತ್ತಜ್ಜಿಯರು 8. ಪ್ರತಿ ತಲೆಮಾರಿಗೂ ಇಮ್ಮಡಿಯಾಗುತ್ತಾ ಹತ್ತನೆಯ ತಲೆಮಾರಿಗೆ 1024 ಸ್ಥಾನಗಳಾಗುತ್ತವೆ. ಗೋಡೆಯ ಮೇಲಿನ ಹತ್ತು ತಲೆಮಾರಿನ ವೃಕ್ಷ ನಿಮಗೆ ತೋರಿಸುವ ಮೂಲಪುರುಷ ಈ 1024ರಲ್ಲಿ ಒಬ್ಬ. ಉಳಿದ 1023 ಸ್ಥಾನದವರೂ ನಿಮಗೆ ಅಷ್ಟೇ ಪೂರ್ವಜರು.

ಅಷ್ಟೂ ಸ್ಥಾನಗಳಲ್ಲಿ ಬೇರೆ ಬೇರೆ ವ್ಯಕ್ತಿಗಳೇ ಇರುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ರೂಢಿಯುಂಟು. 1955ರ ಹಿಂದೂ ವಿವಾಹ ಕಾಯ್ದೆ ಹತ್ತಿರದ ಸಪಿಂಡರ ಮದುವೆಯನ್ನು ನಿಷೇಧಿಸಿದರೂ ರೂಢಿಯಿರುವ ಕಡೆ ಬಿಟ್ಟುಕೊಟ್ಟಿದೆ. ಅಂಥ ಮದುವೆಯಲ್ಲಿ ಹುಟ್ಟಿದ ಮಗುವಿಗೆ ತಂದೆಯ ತಾಯಿಯೇ ತಾಯಿಯ ಅಜ್ಜಿ. ಮೂರು ತಲೆಮಾರಿನ 14 ಸ್ಥಾನಗಳಲ್ಲಿ ಇರುವವರು 12 ಮಂದಿ. ಗಂಡುಸಾಲಿನ ಪಟ್ಟಿಯಲ್ಲಿ ಈ ಗಂಟು ಕಾಣಿಸುವುದೇ ಇಲ್ಲ. ಅದು ಕಾಣಬೇಕಾದರೆ ಹೆಣ್ಣುಮಕ್ಕಳನ್ನು ಬರೆಯಬೇಕು. ಮನೆತನದಲ್ಲಿ ಹರಿದುಬರುವ ಕಾಯಿಲೆಗಳ ಬಗ್ಗೆ ವೈದ್ಯರು ವಿಚಾರಿಸುವಾಗ ತಾಯಿಯ ಕಡೆಯನ್ನೂ ಕೇಳುವುದು ಇದಕ್ಕಾಗಿಯೇ; ಹಿಮೋಫಿಲಿಯಾದಂಥ ರಕ್ತಸ್ರಾವದ ಕಾಯಿಲೆ ಸಾಮಾನ್ಯವಾಗಿ ತಾಯಿಯ ಮೂಲಕ ಗಂಡುಮಗುವಿಗೆ ಬರುತ್ತದೆ.

ಹೆಸರು ಎಲ್ಲಿ ಸಿಗುತ್ತದೆ?

ಬರೆಯೋಣವೆಂದು ಹೊರಟವರಿಗೆ ತೊಡಕುಗಳಿವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದರಿಂದ ಒಂದು ಬಿಟ್ಟು ಒಂದು ತಲೆಮಾರಿನಲ್ಲಿ ಅದೇ ಹೆಸರು ಬಂದು ತಬ್ಬಿಬ್ಬಾಗುತ್ತದೆ. ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹುಡುಗಿಯ ಹೆಸರನ್ನೇ ಬದಲಿಸುತ್ತಾರೆ. ತವರಿನ ಪಟ್ಟಿಯ ಗಂಗೆ ಅತ್ತೆಮನೆಯ ಪಟ್ಟಿಯಲ್ಲಿ ಲಕ್ಷ್ಮಿಯಾಗಿರುತ್ತಾಳೆ. ಇಬ್ಬರೂ ಒಬ್ಬಳೇ ಎಂದು ಹೇಳಬಲ್ಲವರು ಎಂಬತ್ತು ದಾಟಿದ ಯಾರಾದರೂ ಅಜ್ಜಿ. ಆದ್ದರಿಂದ ಸಮ್ಮಿಲನದ ದಿನ ಮೈಕನ್ನು ಮುಖ್ಯ ಅತಿಥಿಗೆ ಕೊಡುವ ಮೊದಲು ಅಂಥ ಅಜ್ಜಿಯರ ಪಕ್ಕ ಒಬ್ಬ ಹುಡುಗನನ್ನು ನೋಟ್‌ಬುಕ್ ಸಮೇತ ಕೂರಿಸುವುದು ಮೇಲು. 'ನಿಮ್ಮ ಅಮ್ಮನ ತವರು ಯಾವುದು?' ಎಂಬ ಒಂದೇ ಪ್ರಶ್ನೆಯಿಂದ ಆರಂಭಿಸಿದರೆ ಸಾಕು. ಪ್ರತಿ ಹೆಂಗಸಿನ ಹೆಸರಿನ ಜತೆ ತವರಿನ ಹೆಸರು, ತವರೂರು, ಕೊಟ್ಟ ಊರು ಬರೆದುಕೊಂಡರೆ ಒಂದು ಮನೆತನದ ಮರ ಇನ್ನೊಂದು ಮನೆತನದ ಮರಕ್ಕೆ ಕೂಡಿಕೊಳ್ಳುತ್ತದೆ.

ಕಾಗದದ ಸಾಕ್ಷ್ಯ ಬೇಕೆನ್ನುವವರಿಗೆ ಹಳೆಯ ವಿಭಾಗ ಪತ್ರಗಳು, ಶಾಲೆಯ ದಾಖಲಾತಿ ಪುಸ್ತಕ, ಟ್ರಂಕಿನ ತಳದ ಲಗ್ನಪತ್ರಿಕೆಗಳಿವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಹೆಂಗಸರ ಹೆಸರು ಉಳಿದಿರುವುದು ಅಟ್ಟದ ಮೇಲೆ. ಮದುವೆಯಲ್ಲಿ ತವರಿನವರು ಬಳುವಳಿಯಾಗಿ ಕೊಟ್ಟ ಹಿತ್ತಾಳೆಯ ಕೊಡ, ತಾಮ್ರದ ಹಂಡೆ, ಕಂಚಿನ ತಟ್ಟೆಗಳ ಅಂಚಿನಲ್ಲಿ ಕೊಟ್ಟವರ ಮತ್ತು ಪಡೆದವಳ ಹೆಸರನ್ನು, ಕೆಲವೊಮ್ಮೆ ತಾರೀಖಿನ ಸಮೇತ, ಚುಕ್ಕೆ ಚುಕ್ಕೆಯಾಗಿ ಕೊರೆಸುತ್ತಿದ್ದರು. ಹಳೇ ಪಾತ್ರೆ ಕೊಟ್ಟು ಹೊಸ ಸ್ಟೀಲು ತೆಗೆದುಕೊಳ್ಳುವ ಮೊದಲು ಅದನ್ನು ತಿರುಗಿಸಿ ನೋಡಿ ಹೆಸರು ಬರೆದುಕೊಳ್ಳಬೇಕು. ಅಂಗಡಿಯವನು ತೂಕ ಹಾಕಿದ ಮೇಲೆ ಅದು ಸಿಗುವುದಿಲ್ಲ.