ಮರಗಳು ನಡೆದುಬಂದ ದಾರಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಊರಾಚೆಯ ಬಯಲಿನಲ್ಲಿ ನಿಂತು ನೈಋತ್ಯಕ್ಕೆ ಕಣ್ಣು ಹಾಯಿಸಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಿಕ್ಕು. 1,454 ಮೀಟರ್ ಎತ್ತರದ ಆ ಶಿಖರಕ್ಕೆ ಹೆಸರಿನಲ್ಲಿ ಮಾತ್ರ ಹಿಮವುಂಟು. ಅಲ್ಲಿ ಕವಿಯುವುದು ಮಂಜು. ನೆತ್ತಿಯಲ್ಲಿ ಹುಲ್ಲುಗಾವಲು, ಕಣಿವೆಗಳ ಮಡಿಲಲ್ಲಿ ದಟ್ಟವಾದ ಶೋಲಾ ಕಾಡು, ತಪ್ಪಲಿನಲ್ಲಿ ಬಂಡೀಪುರದ ತೇಗ, ಮತ್ತಿ. ಇವೆಲ್ಲ ಅನಾದಿಯಿಂದಲೂ ಇಲ್ಲಿಯೇ ನಿಂತಿರುವುವೆಂದು ತೋರುವುದು ಸಹಜ. ಮರಕ್ಕೆ ಕಾಲೆಲ್ಲಿಯದು?

ಕಾಲಿಲ್ಲದಿದ್ದರೂ ಮರಗಳು ಪ್ರಯಾಣ ಮಾಡಿವೆ. ಸುಮಾರು 20,000 ವರ್ಷಗಳ ಹಿಂದೆ, ಕಳೆದ ಹಿಮಯುಗದ ಉತ್ಕಟ ಕಾಲದಲ್ಲಿ, ಯುರೋಪಿನ ಉತ್ತರ ಭಾಗವೆಲ್ಲ ನೀರ್ಗಲ್ಲಿನ ಹೊದಿಕೆಯಡಿ ಹುದುಗಿತ್ತು. ದಕ್ಷಿಣ ಭಾರತಕ್ಕೆ ಆ ಹೊದಿಕೆ ಬರಲಿಲ್ಲ. ಆದರೆ ಮುಂಗಾರು ಸೊರಗಿತು. ಬಂಡೀಪುರದಾಚೆಯ ನೀಲಗಿರಿಯ ಜವುಗು ಮಣ್ಣು ಇದಕ್ಕೆ ಸಾಕ್ಷಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ಆ ಮಣ್ಣಿನ ಪದರಗಳನ್ನು ಪರೀಕ್ಷಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ರಾಗಿ, ಜೋಳಗಳ ಬಗೆಯ ಉಷ್ಣಪ್ರದೇಶದ ಹುಲ್ಲುಗಳು ಮಣ್ಣಿನಲ್ಲಿ ಬಿಡುವ ಇಂಗಾಲದ ಗುರುತು ಒಂದು. ಮರಗಳು ಬಿಡುವುದು ಇನ್ನೊಂದು. ಹಿಮಯುಗದ ಪದರದಲ್ಲಿ ದೊರೆತದ್ದು ಹೆಚ್ಚಾಗಿ ಒಣನಾಡಿನ ಹುಲ್ಲಿನ ಗುರುತು. ಮಳೆ ಬಲಗೊಂಡ ಮೇಲಿನ ಪದರಗಳಲ್ಲಿ ಗುರುತು ಬದಲಾಯಿತು.

ಮಣ್ಣು ಹೇಳುವುದು ಇಷ್ಟೆ: ಯಾವ ಕಾಲದಲ್ಲಿ ಯಾವ ಬಗೆಯ ಸಸ್ಯವಿತ್ತು ಎಂಬುದು. ಮರ ಎಲ್ಲಿ ಅಡಗಿತ್ತು, ಯಾವ ದಾರಿಯಲ್ಲಿ ಮರಳಿತು ಎಂಬುದನ್ನು ತಿಳಿಯಲು ಮರವನ್ನೇ ಕೇಳಬೇಕು. ಆ ಭಾಷೆಯನ್ನು ಕಲಿಸಿದುದು ತಳಿಶಾಸ್ತ್ರ.

ಇದರ ಪ್ರಸಿದ್ಧ ನಿದರ್ಶನ ಯುರೋಪಿನ ಓಕ್ ಮರ. ಅದರ ಕಾಯಿ ಭಾರವಾದುದು, ತಾಯಿಯ ಬುಡದಲ್ಲಿಯೇ ಬೀಳುವಂಥದು. ಹೀಗೆ ಬಿದ್ದು ಬಿದ್ದು ಸಾಗಿದರೆ ಬ್ರಿಟನ್ನಿನ ಉತ್ತರವನ್ನು ಮುಟ್ಟಲು ಹತ್ತು ಲಕ್ಷ ವರ್ಷ ಬೇಕಾದೀತೆಂದು ಕ್ಲೆಮೆಂಟ್ ರೀಡ್ 1899ರಲ್ಲಿಯೇ ಸೋಜಿಗಪಟ್ಟಿದ್ದನು. ಓಕ್ ಕೆಲವೇ ಸಾವಿರ ವರ್ಷಗಳಲ್ಲಿ ಅಲ್ಲಿಗೆ ತಲಪಿತ್ತು! ಕಾಯಿಗಳನ್ನು ದೂರ ಒಯ್ದು ನೆಲದಲ್ಲಿ ಹುದುಗಿಸಿ ಮರೆಯುವ ಹಕ್ಕಿಗಳು ಅದಕ್ಕೆ ನೆರವಾಗಿದ್ದುವು.

ಮರದ ಎಲೆಯ ಜೀವಕೋಶದಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ. ಅವುಗಳಿಗೆ ತಮ್ಮದೇ ಡಿ.ಎನ್.ಎ. ಉಂಟು. ಓಕಿನಲ್ಲಿ ಅದು ಗಾಳಿಯಲ್ಲಿ ಹಾರುವ ಪರಾಗದ ಮೂಲಕ ಬಾರದು. ಬೀಜದ ಮೂಲಕ, ತಾಯಿಯಿಂದಲೇ ಬರಬೇಕು. ಅಜ್ಜಿಯ ಓಲೆ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸಲ್ಲುವಂತೆ. ಆದುದರಿಂದ ಆ ಗುರುತನ್ನು ಹಿಂಬಾಲಿಸಿದರೆ ಬೀಜ ನಡೆದ ದಾರಿ ಕಾಣುತ್ತದೆ. ರೆಮಿ ಪೆಟಿ ಮತ್ತು ಹಲವು ದೇಶಗಳ ವಿಜ್ಞಾನಿಗಳು ಸುಮಾರು 2,600 ತಾಣಗಳ ಓಕ್‌ಗಳನ್ನು ಹೋಲಿಸಿ 2002ರಲ್ಲಿ ಭೂಪಟವನ್ನೇ ಬರೆದರು. ಹಿಮಯುಗದಲ್ಲಿ ಓಕ್ ಐಬೀರಿಯಾ, ಇಟಲಿ, ಬಾಲ್ಕನ್ ನಾಡುಗಳಲ್ಲಿ ಆಶ್ರಯ ಪಡೆದಿತ್ತು. ಬ್ರಿಟನ್ನಿನ ಓಕ್‌ಗಳಲ್ಲಿ ಬಹುಪಾಲಿನ ತಾಯಿಬೇರು ಐಬೀರಿಯಾದ್ದು.

ನಮ್ಮ ತೇಗಕ್ಕೂ ಇಂಥ ಪರೀಕ್ಷೆ ನಡೆದಿದೆ. ಭಾರತದ ತೇಗವೂ ಥಾಯ್ಲೆಂಡಿನ ತೇಗವೂ ಕಣ್ಣಿಗೆ ಒಂದೇ. ತಳಿಯ ಲೆಕ್ಕದಲ್ಲಿ ಬೇರೆ ಬೇರೆ ಬಳಗಗಳು. ಬಹುಕಾಲ ಅಗಲಿ ಬಾಳಿದುದರ ಗುರುತು ಅವುಗಳ ಒಡಲಲ್ಲಿದೆ.

ಇದು ಬರಿಯ ಕುತೂಹಲದ ಮಾತಲ್ಲ. ಒಂದು ಮರ ಕಡಿದು ಎಲ್ಲಿಂದಲೋ ತಂದ ಬೀಜದಿಂದ ಎರಡು ಸಸಿ ನೆಟ್ಟರೆ ಮರಗಳ ಎಣಿಕೆ ಹೆಚ್ಚೀತು. ಆದರೆ ಈ ನೆಲದ ಬರವನ್ನು ತಲೆಮಾರುಗಳಿಂದ ತಾಳಿದ ವಂಶ ಅಲ್ಲಿಗೆ ಮುಗಿದಂತೆ. ಶೋಲಾದ ಮರಗಳ ಪಾಡು ಇನ್ನೂ ಇಕ್ಕಟ್ಟಿನದು. ತಂಪನ್ನು ಬಯಸುವ ಅವುಗಳಿಗೆ, ಭೂಮಿ ಬಿಸಿಯೇರುತ್ತಿರುವ ಈ ದಿನಗಳಲ್ಲಿ, ಬೆಟ್ಟದ ನೆತ್ತಿಯಿಂದ ಮೇಲಕ್ಕೆ ಏರಲು ಜಾಗವಿಲ್ಲ.

ಸಸಿ ನೆಡುವವರು ಬೀಜ ಯಾವ ಕಾಡಿನದೆಂದು ಮೊದಲು ಕೇಳುವುದು ಒಳ್ಳೆಯದು. ಹಳೆಯ ಕಾಡಿನ ತಾಯಿಮರಗಳು ಉಳಿದಿದ್ದರೆ ಆ ಪ್ರಶ್ನೆಗೆ ಉತ್ತರ ಇಲ್ಲಿಯೇ, ತೆರಕಣಾಂಬಿಗೆ ಹತ್ತಿರದ ಬೆಟ್ಟಗಳಲ್ಲಿಯೇ ದೊರೆತೀತು.