ಹಸಿ ಗಾರೆಯ ಮೇಲಿನ ಕೈ

ಬೆಳಗಿನ ಎಂಟೂವರೆ. ಮಳೆ ಈಗಷ್ಟೇ ಹೊಳವಾಗಿದೆ. ಮಂಗಳೂರಿನ ಬಾವುಟಗುಡ್ಡೆಯ ಏರು ಹತ್ತಿ ಬಂದ ಹುಡುಗ ಹುಡುಗಿಯರು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಬಾಗಿಲಲ್ಲಿ ಕೊಡೆ ಮಡಚುತ್ತಿದ್ದಾರೆ. ಹೊಸ್ತಿಲು ದಾಟಿದ್ದೇ ಗದ್ದಲ ತಾನಾಗಿ ಅಡಗುತ್ತದೆ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಮೊಣಕಾಲೂರಿದ್ದಾನೆ. ಮಡಚಿದ ಹಾಲ್ ಟಿಕೆಟ್ ಅಂಗೈಯಲ್ಲಿ ಒದ್ದೆಯಾಗುತ್ತಿದೆ. ತುಟಿ ಅಲುಗುತ್ತಿದೆ, ದನಿ ಇಲ್ಲ.

ಕತ್ತೆತ್ತಿದರೆ ಬರಿಗೋಡೆ ಎಂಬುದೇ ಸಿಗದು. ದೇವದೂತರು ಹೂಮಾಲೆ ಹಿಡಿದಿದ್ದಾರೆ. ಕೆತ್ತಿದ ಕಂಬವೆಂದು ಮುಟ್ಟಹೋದರೆ ಬೆರಳಿಗೆ ಸಪಾಟು ಗೋಡೆ. ಸೂರಿನ ನಡುಸಾಲಿನಲ್ಲಿ ಅಲೋಶಿಯಸ್ ಗೊನ್ಜಾಗನ ಬದುಕು ಹಾಸಿಕೊಂಡಿದೆ. ಅರಮನೆಯ ಹಿರಿಮಗ ತನ್ನ ಹಕ್ಕು ಬಿಟ್ಟುಕೊಟ್ಟು ಯೇಸುಸಭೆ ಸೇರಿದ, ರೋಮಿನಲ್ಲಿ ಪಿಡುಗು ಬಂದಾಗ ರೋಗಿಗಳ ಸೇವೆಗೆ ನಿಂತ, 1591ರಲ್ಲಿ ತೀರಿಕೊಂಡ. ಆಗವನಿಗೆ 23. ಕೆಳಗೆ ಕುಳಿತವರಿಗಿಂತ ಮೂರು ನಾಲ್ಕು ವರ್ಷ ದೊಡ್ಡವನು, ಅಷ್ಟೇ.

ಇದನ್ನೆಲ್ಲ ಬರೆದವರು ಆಂತೋನಿಯೊ ಮೊಸ್ಕೇನಿ. 1854ರಲ್ಲಿ ಇಟಲಿಯ ಬೆರ್ಗಾಮೊ ಬಳಿಯ ಸ್ತೆಜಾನೊದಲ್ಲಿ ಹುಟ್ಟಿದವರು. ಚಿತ್ರಕಲೆ ಕಲಿತರು, ಮೂವತ್ತು ದಾಟಿದ ಮೇಲೆ ಯೇಸುಸಭೆಗೆ ಸೇರಿ ಬ್ರದರ್ ಆದರು. ಪಾದ್ರಿಯಾಗಲಿಲ್ಲ. ಬಲಿಪೀಠದ ಮುಂದೆ ನಿಂತು ಅವರು ಒಂದು ಪ್ರಸಂಗವನ್ನೂ ಮಾಡಿದವರಲ್ಲ; ಅವರ ಪ್ರಸಂಗವೆಲ್ಲ ಬಣ್ಣದಲ್ಲಿತ್ತು. ಸೂರಿಗೆ ಕ್ಯಾನ್ವಾಸ್, ಗೋಡೆಗೆ ಫ್ರೆಸ್ಕೊ. 1901ರ ಹೊತ್ತಿಗೆ ಕೆಲಸ ಮುಗಿದಿತ್ತು.

ಫ್ರೆಸ್ಕೊ ಅಂದರೆ ಏನೆಂದು ಒಂದಿಷ್ಟು ನಿಂತು ಹೇಳಲೇಬೇಕು. ಸುಣ್ಣದ ಗಾರೆ ಹಸಿಯಾಗಿರುವಾಗಲೇ, ನೀರಿನಲ್ಲಿ ಕಲೆಸಿದ ಬಣ್ಣವನ್ನು ಅದರ ಮೇಲೆ ಹಚ್ಚಬೇಕು. ಗಾರೆ ಆರುತ್ತ ಆರುತ್ತ ಗಾಳಿ ಕುಡಿದು ಕಲ್ಲಾಗುತ್ತದೆ, ಬಣ್ಣವನ್ನು ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಆ ದಿನ ಎಷ್ಟು ಬರೆಯಬಲ್ಲೆನೋ ಅಷ್ಟಕ್ಕೇ ಗಾರೆ ಬಳಿದುಕೊಳ್ಳಬೇಕು. ತಪ್ಪಿದರೆ ಒರೆಸುವಂತಿಲ್ಲ, ಕೆತ್ತಿ ತೆಗೆದು ಮೊದಲಿನಿಂದ ಶುರು. ಅಳುಕುವ ಕೈಗೆ ಈ ಕೆಲಸ ಒಗ್ಗದು. ಅಟ್ಟಣಿಗೆಯ ಮೇಲೆ, ಕರಾವಳಿಯ ಬೆವರಿನಲ್ಲಿ, ಆ ಬ್ರದರ್ ದಿನಾ ಬೆಳಗ್ಗೆ ಕುಂಚ ಎತ್ತಿದ್ದು ತನಗೆ ಈ ಕಲೆ ಕೊಟ್ಟ ದೇವರನ್ನು ನಂಬಿ. ನನ್ನ ಮಟ್ಟಿಗೆ ಅದೂ ಪ್ರಾರ್ಥನೆಯೇ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದ ಸಾಮತಿ ಇಲ್ಲಿ ಕುಳಿತಾಗಲೆಲ್ಲ ನೆನಪಾಗುತ್ತದೆ. ಯಜಮಾನ ತನ್ನ ಆಳುಗಳಲ್ಲಿ ಒಬ್ಬನಿಗೆ ಐದು ತಲಾಂತು ಕೊಟ್ಟ, ಒಬ್ಬನಿಗೆ ಎರಡು, ಒಬ್ಬನಿಗೆ ಒಂದು. ಒಂದು ಸಿಕ್ಕವನು ಹೆದರಿ ಮಣ್ಣಲ್ಲಿ ಹೂತಿಟ್ಟ. ಪಾಪ, ಅವನ ಪಾಲು ಚಿಕ್ಕದಿತ್ತು ಎಂದೇ ನಾನು ಬಹುಕಾಲ ತಿಳಿದಿದ್ದೆ. ಆದರೆ ತಲಾಂತು ಎಂದರೆ ಆ ಕಾಲದಲ್ಲಿ ಬೆಳ್ಳಿಯ ಭಾರೀ ತೂಕ. ಕೂಲಿಯವನೊಬ್ಬನ ಸುಮಾರು 20 ವರ್ಷದ ದುಡಿಮೆಗೆ ಸಮ. ಇಂಗ್ಲಿಷರ ಟ್ಯಾಲೆಂಟ್ ಎಂಬ ಮಾತಿಗೆ ಪ್ರತಿಭೆ ಎಂಬ ಅರ್ಥ ಬಂದದ್ದೂ ಈ ಸಾಮತಿಯಿಂದಲೇ. ನನಗೆ ಸಿಕ್ಕಿದ್ದು ಒಂದೇ ಎಂದು ಕೊರಗುವವರು ಆ ಒಂದರ ತೂಕವನ್ನು ಕೈಯಲ್ಲಿ ಹಿಡಿದು ನೋಡಿಲ್ಲ.

ಗಂಟೆ ಬಾರಿಸಿತು. ಹುಡುಗ ಶಿಲುಬೆಯ ಗುರುತು ಹಾಕಿಕೊಂಡು ಎದ್ದ. ಹಾಲ್ ಟಿಕೆಟನ್ನು ಅಂಗಿಗೆ ಒರೆಸಿ, ಬಿಡಿಸಿ, ಜೇಬಿಗಿಟ್ಟುಕೊಂಡು ಹೊರನಡೆದ. ಮೋಡ ಸರಿದು ಕಿಟಕಿಯಿಂದ ಬಂದ ಬಿಸಿಲು ಗೋಡೆಯ ಮೇಲೆ ಬಿತ್ತು.

ಮೊಸ್ಕೇನಿ ಇಲ್ಲಿಂದ ಮುಂದೆಯೂ ಕುಂಚ ಕೆಳಗಿಡಲಿಲ್ಲ. 1905ರ ನವೆಂಬರಿನಲ್ಲಿ ಕೊಚ್ಚಿಯ ಸಾಂತಾಕ್ರೂಜ್ ಇಗರ್ಜಿಯ ಚಿತ್ರಗಳ ಕೆಲಸದಲ್ಲಿದ್ದಾಗ, ಆ ಇಗರ್ಜಿಯ ಪ್ರತಿಷ್ಠೆಗೆ ಕೆಲವೇ ದಿನ ಮೊದಲು ತೀರಿಕೊಂಡರು. ಅವರಿಗೆ ಆಗ 51 ವರ್ಷ.