ಕ್ಲೋರಿನ್: ಕಾಯುವುದೋ, ಕಾಡುವುದೋ?

ಬೆಳಿಗ್ಗೆ ನಲ್ಲಿ ತಿರುಗಿಸಿದೊಡನೆ ಒಮ್ಮೊಮ್ಮೆ ಘಾಟು ವಾಸನೆ ಮೂಗಿಗೆ ಬಡಿಯುತ್ತದಲ್ಲವೇ? ಅದು ಕ್ಲೋರಿನ್. ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳನ್ನು ಕೊಲ್ಲಲು ಅದನ್ನು ನೀರಿಗೆ ಬೆರೆಸುತ್ತಾರೆ. ಅಮೆರಿಕದ ಜೆರ್ಸಿ ಸಿಟಿಯಲ್ಲಿ 1908ರಲ್ಲಿ ಇಡೀ ಊರಿನ ನೀರಿಗೆ ನಿತ್ಯವೂ ಕ್ಲೋರಿನ್ ಬೆರೆಸಲಾರಂಭಿಸಿದರು. ಇತರ ನಗರಗಳೂ ಅದೇ ದಾರಿ ಹಿಡಿದವು. ಟೈಫಾಯ್ಡ್ ಸಾವುಗಳು ಇಳಿಯುತ್ತ ಬಂದವು.

ಆದರೆ 1974ರಲ್ಲಿ ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ನಗರದ ರಸಾಯನ ವಿಜ್ಞಾನಿ ಯೊಹಾನೆಸ್ ರೂಕ್ ಹೊಸ ಸಂಗತಿಯೊಂದನ್ನು ಬೆಳಕಿಗೆ ತಂದರು. ನದಿ, ಕೆರೆಗಳ ನೀರಿನಲ್ಲಿ ಕೊಳೆತ ಎಲೆ, ಸೊಪ್ಪುಗಳ ಅಂಶ ಕರಗಿರುತ್ತದೆ. ಕ್ಲೋರಿನ್ ಅದರೊಡನೆ ಸೇರಿದಾಗ ಕ್ಲೋರೋಫಾರ್ಮ್ ಮತ್ತು ಅದರ ಬಳಗದ ರಾಸಾಯನಿಕಗಳು ಹುಟ್ಟುತ್ತವೆ! ಹೆಚ್ಚು ಪ್ರಮಾಣದಲ್ಲಿ ಕ್ಲೋರೋಫಾರ್ಮ್ ಕೊಟ್ಟ ಇಲಿಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. ಇಂಥ ರಾಸಾಯನಿಕಗಳು ಹೆಚ್ಚಿರುವ ನೀರನ್ನು ದಶಕಗಳ ಕಾಲ ಕುಡಿದವರಿಗೆ ಮೂತ್ರಕೋಶದ ಕ್ಯಾನ್ಸರ್ ಅಪಾಯ ತುಸು ಹೆಚ್ಚಿರಬಹುದೆಂದು ಕೆಲವು ಅಧ್ಯಯನಗಳೂ ಸೂಚಿಸಿವೆ.

ಹಾಗಾದರೆ ಕ್ಲೋರಿನ್ನನ್ನೇ ಬಿಟ್ಟುಬಿಡೋಣವೇ? ಅದಕ್ಕೆ ದಕ್ಷಿಣ ಅಮೆರಿಕದ ಪೆರು ದೇಶದ ಅನುಭವವೇ ಉತ್ತರ. 1991ರ ಜನವರಿಯಲ್ಲಿ ಅಲ್ಲಿ ಕಾಣಿಸಿಕೊಂಡ ಕಾಲರಾ ಒಂದೇ ವರ್ಷದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರನ್ನು ಮಲಗಿಸಿತು. ಎರಡು ಸಾವಿರಕ್ಕೂ ಮಿಕ್ಕಿ ಜನ ಸತ್ತರು. ಆ ದೇಶದ ಟ್ರುಹಿಲ್ಲೊ ನಗರದಲ್ಲಿ ನಲ್ಲಿ ನೀರಿಗೆ ಕ್ಲೋರಿನ್ ಬೆರೆಸಿರಲಿಲ್ಲ. ನೀರನ್ನು ಕುದಿಸದೆ ಕುಡಿದವರಿಗೇ ರೋಗ ಹೆಚ್ಚಾಗಿ ತಗುಲಿತ್ತು.

ಎರಡೂ ಅಪಾಯಗಳೇ, ಆದರೆ ಒಂದೇ ತೂಕದವಲ್ಲ. ಕ್ಲೋರೋಫಾರ್ಮಿನ ಅಪಾಯ ಸಣ್ಣದು, ದಶಕಗಳ ಲೆಕ್ಕದ್ದು. ಕಾಲರಾ ಕೆಲವೇ ಗಂಟೆಗಳಲ್ಲಿ ಮಗುವಿನ ಪ್ರಾಣ ತೆಗೆಯಬಲ್ಲದು. ಉಪ ಉತ್ಪನ್ನಗಳ ಅಂಜಿಕೆಯಿಂದ ರೋಗಾಣುನಾಶದಲ್ಲಿ ರಾಜಿ ಮಾಡಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದಕ್ಕೇ.

ಉಪಾಯವಿರುವುದು ಕ್ಲೋರಿನ್ ಕಡಿಮೆ ಮಾಡುವುದರಲ್ಲಲ್ಲ, ಅದನ್ನು ಬೆರೆಸುವ ಮೊದಲೇ ನೀರನ್ನು ತಿಳಿಗೊಳಿಸುವುದರಲ್ಲಿ. ಪಟಿಕ ಹಾಕಿ ಕೊಳೆಯನ್ನು ತಳಕ್ಕಿಳಿಸಿ, ಮರಳಿನಲ್ಲಿ ಸೋಸಿದರೆ ಎಲೆ, ಸೊಪ್ಪಿನ ಅಂಶ ಬಹುಪಾಲು ಕಳೆಯುತ್ತದೆ. ಆಮೇಲೆ ಕ್ಲೋರಿನ್ ಕಡಿಮೆ ಸಾಕು, ಉಪ ಉತ್ಪನ್ನವೂ ಕಡಿಮೆ.

ಓಜೋನ್ ಅನಿಲ, ನೇರಳಾತೀತ ಕಿರಣಗಳೂ ರೋಗಾಣುಗಳನ್ನು ಕೊಲ್ಲುತ್ತವೆ. ಆದರೆ ಚರಂಡಿ ಪಕ್ಕದಲ್ಲಿ ಒಡೆದ ಕೊಳವೆಯೊಳಗೆ ಕೊಳೆ ನುಗ್ಗಿದರೆ ಅಲ್ಲಿ ಕಾವಲಿಗೆ ಅವು ಉಳಿದಿರುವುದಿಲ್ಲ. ಕ್ಲೋರಿನ್ ಉಳಿದಿರುತ್ತದೆ. ಆದ್ದರಿಂದಲೇ ಭಾರತೀಯ ಮಾನಕದ ಪ್ರಕಾರ ಲೀಟರ್ ನೀರಿನಲ್ಲಿ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು; ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಬಾರದು.

ಮನೆಯಲ್ಲಿ ನೀರನ್ನು ಚೆನ್ನಾಗಿ ಮರಳಿಸಿ, ಮುಚ್ಚಿಟ್ಟು ಆರಿಸಿ ಕುಡಿದರೆ ಎರಡು ಲಾಭ: ರೋಗಾಣುಗಳು ಸಾಯುತ್ತವೆ, ಕ್ಲೋರೋಫಾರ್ಮ್ ಬಹುಪಾಲು ಆವಿಯಾಗಿ ಹೋಗುತ್ತದೆ. ವಾಸನೆಯಿದೆಯೆಂದು ನಲ್ಲಿ ನೀರು ಬಿಟ್ಟು, ಶುದ್ಧೀಕರಿಸದ ತೆರೆದ ಬಾವಿಯ ನೀರನ್ನು ಮಕ್ಕಳಿಗೆ ಕುಡಿಸುವುದು ಮಾತ್ರ ಜಾಣತನವಲ್ಲ.